ಒತ್ತಕ್ಷರ ಕೂಡದ ಮಕ್ಕಳು

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹಾಸನದವರ ನಡಿಗೆಯೇ ಬೇರೆ. 2019ರಲ್ಲಿ ಶೇ 89.33 ಪಡೆದು ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. 2023ರಲ್ಲಿ ಮೂರನೆಯ ಸ್ಥಾನ. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕವನ್ನು ಧಾರಾಳವಾಗಿ ಕೊಟ್ಟರೂ ರಾಜ್ಯದ ಒಟ್ಟು ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. ಆ ಚರ್ಚೆ ಆಗಿಹೋಗಿದೆ. ನನ್ನ ಚಿಂತೆ ಇನ್ನೂ ಯಾರೂ ಬರೆಯದ ಪರೀಕ್ಷೆಯದು: 2030ರದು.

ಅಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕೇಂದ್ರಗಳಲ್ಲಿ ಕೂರುವವರು 2020ರಲ್ಲಿ ಒಂದನೇ ತರಗತಿಗೆ ದಾಖಲಾದ ಮಕ್ಕಳು. ದಾಖಲಾದರು, ಅಷ್ಟೆ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದವು. ಸರ್ಕಾರದ ವಿದ್ಯಾಗಮ ಯೋಜನೆಯ ಹೆಸರಲ್ಲಿ ಗುಡಿಯ ಜಗಲಿಯಲ್ಲಿ, ಮರದ ನೆರಳಲ್ಲಿ ಕೆಲವು ವಾರ ಪಾಠ ನಡೆದು ಅದೂ ನಿಂತಿತು. ಒಂದರಿಂದ ಐದನೇ ತರಗತಿಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಇವರು ಎರಡನೇ ತರಗತಿಯ ನಡುವೆ ಇದ್ದರು, ಅಆಇಈ ಸರಿಯಾಗಿ ಕಾಣದೆ.

ಒಂದೂವರೆ ವರ್ಷ ತಾನೆ, ಆಮೇಲೆ ಕಲಿತಿರುತ್ತಾರೆ ಅನ್ನಬಹುದು. ಕನ್ನಡದ ಲಿಪಿ ಅಷ್ಟು ಸುಲಭವಾಗಿ ಬಿಟ್ಟುಕೊಡುವಂಥದ್ದಲ್ಲ. ಇಂಗ್ಲಿಷಿನಲ್ಲಿ 26 ಅಕ್ಷರ ಗುರುತಿಸಿದರೆ ಗುರುತಿಸುವ ಕೆಲಸ ಬಹುಮಟ್ಟಿಗೆ ಮುಗಿಯಿತು. ನಮ್ಮಲ್ಲಿ ವರ್ಣಮಾಲೆ ಮುಗಿದ ಮೇಲೆ ಕಾಗುಣಿತ, ಕಾಗುಣಿತದ ಮೇಲೆ ಒತ್ತಕ್ಷರ. ಎಲ್ಲ ಸೇರಿ ಮಗು ಕಣ್ಣಿಗೆ ಕೂರಿಸಿಕೊಳ್ಳಬೇಕಾದ ರೂಪಗಳು ನಾನೂರನ್ನು ದಾಟುತ್ತವೆ. ಕನ್ನಡ ಮಕ್ಕಳ ಓದನ್ನೇ ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಸ್ಪಷ್ಟವಾಗಿ ತೋರಿಸಿತು: ಅಕ್ಷರಜ್ಞಾನ ಒಂದೆರಡು ವರ್ಷಕ್ಕೆ ಪೂರ್ತಿಯಾಗುವುದಿಲ್ಲ, ನಾಲ್ಕು, ಐದನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ. ಮೊದಲ ಎರಡು ಮೆಟ್ಟಿಲೇ ಇಲ್ಲದ ಮಗು ನಾಲ್ಕನೆಯ ಮೆಟ್ಟಿಲ ಮೇಲೆ ನಿಂತಿದೆ. ಪರಿಸರ ಅಧ್ಯಯನದ ಪುಸ್ತಕದಲ್ಲಿ ‘ರಾಷ್ಟ್ರ’, ‘ಕ್ಷೇತ್ರ’ ಎದುರಾದಾಗ ಅದು ಒಂದೊಂದೇ ಅಕ್ಷರ ಕೂಡಿಸಿ ಎಳೆಯುತ್ತದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. ಮಗು ದಡ್ಡ ಅಂತಲ್ಲ. ಮನಸ್ಸು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಜಾಗವೇ ಚಿಕ್ಕದು, ಅಕ್ಷರ ಕೂಡಿಸುವುದರಲ್ಲೇ ಅದು ತುಂಬಿಹೋದರೆ ಅರ್ಥಕ್ಕೆ ಎಡೆ ಉಳಿಯುವುದಿಲ್ಲ.

ಹಿಂದೆ ಬಿದ್ದವರು ತಾವಾಗಿಯೇ ಮುಂದೆ ಬರುವುದು ಅಪರೂಪ. ಅಮೆರಿಕದ ಟೆಕ್ಸಸ್‌ನಲ್ಲಿ ಕಾನಿ ಜ್ಯುಯೆಲ್ 54 ಮಕ್ಕಳನ್ನು ನಾಲ್ಕು ವರ್ಷ ಹಿಂಬಾಲಿಸಿ 1988ರಲ್ಲಿ ಬರೆದ ಲೆಕ್ಕ: ಒಂದನೇ ತರಗತಿಯ ಕೊನೆಗೆ ಓದಿನಲ್ಲಿ ಸೋತ ಮಗು ನಾಲ್ಕನೆಯದರ ಕೊನೆಗೂ ಸೋತೇ ಇರುವ ಸಂಭವ ಶೇ 88. ಅದು ಚಿಕ್ಕ ಅಧ್ಯಯನ, ಬೇರೆ ಲಿಪಿ. ಆದರೂ ನಾಲ್ಕನೇ ತರಗತಿಗೆ ಪಾಠ ಹೇಳಿದ ಯಾವ ಮೇಷ್ಟ್ರೂ ಇದಕ್ಕೆ ಆಶ್ಚರ್ಯಪಡಲಾರರು.

ನಮ್ಮ ನೆಲದ ಪುರಾವೆಯೂ ಇದೆ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರಿಶೀಲಿಸಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತವರು ಶೇ 92, ಗಣಿತದಲ್ಲಿ ಶೇ 82. ಅದು ಕಲಿತದ್ದನ್ನು ಮರೆತವರ ಲೆಕ್ಕ. ಕಲಿಯಲು ಶುರುವೇ ಮಾಡದವರು ಬೇರೆ.

ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಬಂದಾಗ ‘ಮಕ್ಕಳು ಚೇತರಿಸಿಕೊಂಡರು’ ಎಂಬ ಸಮಾಧಾನ ಹಬ್ಬಿತು. ಹೆಚ್ಚು ಚೇತರಿಕೆ ಕಂಡದ್ದು ಮೂರನೇ ತರಗತಿಯಲ್ಲಿ. ಆದರೆ 2024ರಲ್ಲಿ ಮೂರನೇ ತರಗತಿಯಲ್ಲಿದ್ದವರು ಶಾಲೆ ಸೇರಿದ್ದು 2022ರಲ್ಲಿ, ಬಾಗಿಲು ತೆರೆದ ಮೇಲೆ. ಅಂದರೆ ಚೇತರಿಸಿಕೊಂಡದ್ದು ಬೇರೆ ಮಕ್ಕಳು! ನಮ್ಮ 2020ರ ತಂಡ ಅಂದು ಐದರಲ್ಲಿತ್ತು. ಆ ತರಗತಿಯಲ್ಲಿ ಗ್ರಾಮೀಣ ಭಾರತದ ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುತ್ತಿರಲಿಲ್ಲ. ಭಾಗಾಕಾರ ಬಂದವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆ.

ಇದರ ಜತೆಗೆ ಇನ್ನೊಂದು ತೊಂದರೆ ಸದ್ದಿಲ್ಲದೆ ಬರುತ್ತಿದೆ: ಹಳ್ಳಿ ಶಾಲೆಗಳಲ್ಲಿ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. 2001ರಿಂದ 2011ರ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಬೆಳೆದರೆ ಹಾಸನ ಜಿಲ್ಲೆಯದು ಶೇ 3ರ ಆಸುಪಾಸು. ಚನ್ನರಾಯಪಟ್ಟಣದ ತೆಂಗಿನ ತೋಟ, ಅರಕಲಗೂಡಿನ ಹೊಗೆಸೊಪ್ಪಿನ ಹೊಲ ಇದ್ದಲ್ಲೇ ಇವೆ, ಹರೆಯದವರು ಬೆಂಗಳೂರಿನಲ್ಲಿದ್ದಾರೆ. ಉಳಿದ ಮಕ್ಕಳಲ್ಲೂ ಹಲವರನ್ನು ಕಾನ್ವೆಂಟಿನ ಹಳದಿ ವ್ಯಾನು ಅರಳಿಕಟ್ಟೆಯಿಂದ ಹತ್ತಿಸಿಕೊಂಡು ಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಊರಿನ ಶಾಲೆಯಲ್ಲಿ 14 ಮಕ್ಕಳು ಉಳಿದರೆ ಒಬ್ಬ ಶಿಕ್ಷಕರಿಗೆ ಏಳೇ ಮಕ್ಕಳು. ಕಾಗದದ ಮೇಲೆ ಫಿನ್ಲೆಂಡೂ ನಾಚಬೇಕು. ಒಳಗೆ ನೋಡಿದರೆ ಇಬ್ಬರಿಗೆ ಐದು ತರಗತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ. ಒಬ್ಬರು ಸಭೆಗೆ ಹೋದ ದಿನ ಐದೂ ಒಬ್ಬರಿಗೇ. ಬಹುತರಗತಿ ಬೋಧನೆಗೆಂದೇ ರೂಪಿಸಿದ ನಲಿಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ಅಕ್ಷರ ಗಟ್ಟಿಯಾಗಬೇಕಾದ ನಾಲ್ಕು, ಐದನೆಯವರು ಕೋಣೆಯ ಹಿಂಬದಿಯಲ್ಲಿ ನಕಲು ಬರೆಯುತ್ತಾ ಕೂರುತ್ತಾರೆ.

ಅದೇ ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಆದರೂ 2025ರ ಅಕ್ಟೋಬರ್ 8ರಿಂದ 18ರವರೆಗೆ, ಶಿಕ್ಷಕರನ್ನು ತೊಡಗಿಸಿದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರೆ ರಜೆ ವಿಸ್ತರಿಸಲಾಯಿತು. ಸಮೀಕ್ಷೆಯ ಅಗತ್ಯದ ಬಗ್ಗೆ ನನ್ನ ತಕರಾರಿಲ್ಲ. ಅದರ ಬೆಲೆ ಯಾವ ಮಕ್ಕಳ ತಲೆಯ ಮೇಲೆ ಬಿತ್ತು ಎಂಬುದನ್ನು ನೋಡಿ.

ಮಾಡಬೇಕಾದ್ದು ದೊಡ್ಡ ಯೋಜನೆಯೇನಲ್ಲ. 2020ರ ತಂಡದ ಪ್ರತಿಯೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿ ಒಂದು ಪುಟ ಓದಿಸುವುದು. ತಡವರಿಸಿದವರಿಗೆ ತರಗತಿ ಯಾವುದಾದರೂ ಸರಿ, ದಿನಕ್ಕೊಂದು ಗಂಟೆ ಕಾಗುಣಿತದಿಂದ ಒತ್ತಕ್ಷರದವರೆಗೆ ಮತ್ತೆ ಕಲಿಸುವುದು. ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ಕಟ್ಟಡದ ಸುಣ್ಣಬಣ್ಣಕ್ಕಿಂತ ಮೊದಲು ಆ ಪಟ್ಟಿ ಓದಬೇಕು. ಸಮಯ ಮಾತ್ರ ಕಡಿಮೆ. 2027ರಲ್ಲಿ ಇವರು ಏಳನೆಯದು ಮುಗಿಸಿ ಹೈಸ್ಕೂಲಿಗೆ ಹೋಗುತ್ತಾರೆ. ಅಲ್ಲಿ ವಿಷಯಕ್ಕೊಬ್ಬ ಮೇಷ್ಟ್ರು, ಕಾಗುಣಿತ ಯಾರ ವಿಷಯವೂ ಅಲ್ಲ. 2028ರ ಹೊತ್ತಿಗೆ ಬಹುಪಾಲು ಮಕ್ಕಳಿಗೆ 14 ತುಂಬುತ್ತದೆ. ಕಾಯ್ದೆ ಕೊಟ್ಟ ಹಕ್ಕಿನ ವಯಸ್ಸು ಅಲ್ಲಿಗೆ ಮುಗಿಯುತ್ತದೆ, ಪರೀಕ್ಷೆಗೆ ಇನ್ನೆರಡು ವರ್ಷ ಇರುವಾಗಲೇ.