ಸಾಕೆಟ್ಟಿಗೆ ಹೊಂದಿದರೆ ಮಂಡಲಕ್ಕೆ ಹೊಂದೀತೇ?

ಮನೆಯಲ್ಲೇ ವಾಲ್ವ್ ಆಂಪ್ಲಿಫೈಯರ್ ಕಟ್ಟುವ ಹವ್ಯಾಸ ಇನ್ನೂ ಉಳಿದಿದೆ. ಹಳೆಯ ರೇಡಿಯೊದಿಂದ ಕಳಚಿದ ಟ್ರಾನ್ಸ್‌ಫಾರ್ಮರ್, ಒಂದು ಅಲ್ಯೂಮಿನಿಯಂ ತಗಡು, ನಾಲ್ಕಾರು ನಿರ್ವಾತ ನಳಿಕೆಗಳು ಅಂದರೆ ವಾಲ್ವುಗಳು ಇದ್ದರೆ ಕೆಲಸ ಶುರುವಾಗುತ್ತದೆ. ತೊಡಕು ಬರುವುದು ಮಂಡಲ ಚಿತ್ರದಲ್ಲಿ ಸೂಚಿಸಿದ ವಾಲ್ವ್ ಸಿಗದಿದ್ದಾಗ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತ್ತು. ಆ ಕಾಲದ ಸರಕು ಈಗ ಗುಜರಿ ಅಂಗಡಿಯ ಡಬ್ಬಿಯಲ್ಲಿ ಸಿಕ್ಕರೆ ಅದೃಷ್ಟ. ಆದ್ದರಿಂದ "ಇದರ ಬದಲು ಅದನ್ನು ಹಾಕಬಹುದೇ?" ಎಂಬ ಪ್ರಶ್ನೆ ಏಳುತ್ತದೆ. ಕಾಲುಗಳು ಸಾಕೆಟ್ಟಿನಲ್ಲಿ ಕೂತವು ಎಂಬುದು ಇದಕ್ಕೆ ಉತ್ತರವಲ್ಲ.

ಎಂ.ಎಸ್ಸಿ. ಓದುವಾಗ ನಾನೂ ಆ ಉತ್ತರವನ್ನೇ ನಂಬಿದ್ದೆ. ನನ್ನ ಸ್ಟೀರಿಯೊ ಆಂಪ್ಲಿಫೈಯರಿನಲ್ಲಿ ಎರಡು 6ವಿ6, ಒಂದು 12ಎಎಕ್ಸ್7 ಇದ್ದವು. 6ವಿ6 ಕೆಟ್ಟಾಗ ಎಸ್.ಪಿ. ರಸ್ತೆಯಲ್ಲಿ ಎರಡು 6ಎಲ್6 ಸಿಕ್ಕವು. ಎರಡಕ್ಕೂ ಎಂಟು ಕಾಲು, ಜೋಡಣೆಯೂ ಒಂದೇ. ಹಾಕಿದೆ. ಹಾಡು ಚೆನ್ನಾಗಿಯೇ ಕೇಳಿತು. ಅರ್ಧ ಗಂಟೆಯಲ್ಲಿ ಟ್ರಾನ್ಸ್‌ಫಾರ್ಮರಿನಿಂದ ವಾರ್ನಿಶ್ ಸುಟ್ಟ ವಾಸನೆ ಬಂತು.

ಲೆಕ್ಕ ಸರಳ. ಕ್ಯಾಥೋಡನ್ನು ಕಾಯಿಸುವ ಹೀಟರಿಗೆ 6ವಿ6ರಲ್ಲಿ 6.3 ವೋಲ್ಟಿನಲ್ಲಿ 0.45 ಆಂಪಿಯರ್ ಸಾಕು, 6ಎಲ್6ಗೆ 0.9 ಬೇಕು. 12ಎಎಕ್ಸ್7ರ 0.3 ಸೇರಿಸಿದರೆ ಮೊದಲು ಒಟ್ಟು 1.2 ಆಂಪಿಯರ್, ಆಮೇಲೆ 2.1. ನನ್ನ ಟ್ರಾನ್ಸ್‌ಫಾರ್ಮರಿನ ಹೀಟರ್ ಸುರುಳಿಯನ್ನು ಸುತ್ತಿದ್ದು 1.5 ಆಂಪಿಯರಿಗೆ. ಸುರುಳಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆಯಲ್ಲವೇ? ಹಾಗಾಗಿ ಅದು ಮೊದಲಿನ ಮೂರು ಪಟ್ಟಾಯಿತು, ಸುರುಳಿ ತಾಳಬಲ್ಲ ಶಾಖದ ಸುಮಾರು ಎರಡು ಪಟ್ಟಾಯಿತು. ಓಮ್ ಮತ್ತು ಜೌಲರ ನಿಯಮಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದ ನನಗೆ ಅವು ಹೊಳೆದದ್ದು ಮೂಗಿನ ಮೂಲಕ!

ಹೀಟರಿನ ವಿಷಯವನ್ನು ವಾಲ್ವಿನ ಹೆಸರೇ ಅರ್ಧ ಹೇಳುತ್ತದೆ. ಯೂರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರ 'ಇ' ಎಂದರೆ 6.3 ವೋಲ್ಟ್, 'ಪಿ' ಎಂದರೆ ಸರಣಿಯಲ್ಲಿ ಜೋಡಿಸುವ 300 ಮಿಲಿಆಂಪಿಯರ್ ಹೀಟರ್, 'ಯು' ಎಂದರೆ 100 ಮಿಲಿಆಂಪಿಯರ್. ಇಸಿಎಲ್82, ಪಿಸಿಎಲ್82, ಯುಸಿಎಲ್82 ಒಳಗೆ ಒಂದೇ ವಾಲ್ವ್. ಆದರೆ ಹೀಟರುಗಳು ಕೇಳುವುದು ಕ್ರಮವಾಗಿ 6.3, 16 ಮತ್ತು 50 ವೋಲ್ಟ್. ಹಳೆಯ ಟೀವಿಯಿಂದ ಪಿಸಿಎಲ್82 ಸಿಕ್ಕರೆ ಹೀಟರಿಗೆ ಪ್ರತ್ಯೇಕವಾಗಿ 16 ವೋಲ್ಟ್ ಒದಗಿಸಿ ಧಾರಾಳವಾಗಿ ಬಳಸಿ.

ಅದೇ 12ಎಎಕ್ಸ್7ರ ಸಾಕೆಟ್ಟಿನಲ್ಲಿ 6ಡಿಜೆ8 (ಇಸಿಸಿ88) ಸಲೀಸಾಗಿ ಕೂರುತ್ತದೆ, ಎರಡಕ್ಕೂ ಒಂಬತ್ತು ಕಾಲು. 12ಎಎಕ್ಸ್7ರ ಹೀಟರ್ 4 ಮತ್ತು 5ನೆಯ ಕಾಲುಗಳ ನಡುವೆ ಇದ್ದು, ಮಧ್ಯಬಿಂದು 9ನೆಯ ಕಾಲಿಗೆ ಬಂದಿರುತ್ತದೆ. 6ಡಿಜೆ8ರಲ್ಲಿ 4 ಮತ್ತು 5ರ ನಡುವೆ ಇರುವುದು 6.3 ವೋಲ್ಟಿನ ಹೀಟರ್; 9ನೆಯದು ಬರಿಯ ಪರದೆ. ಸಾಕೆಟ್ಟಿಗೆ 12.6 ವೋಲ್ಟ್ ಕೊಟ್ಟಿದ್ದರೆ ಹೊಸ ವಾಲ್ವ್ ಸುಟ್ಟುಹೋಗುತ್ತದೆ. 4 ಮತ್ತು 5ನ್ನು ಒಟ್ಟುಗೂಡಿಸಿ 6.3 ವೋಲ್ಟ್ ಕೊಟ್ಟಿದ್ದರೆ ಅದು ಬೆಳಗುವುದೇ ಇಲ್ಲ.

ಕಾಲುಗಳೂ ಹೀಟರೂ ನಿಜವಾಗಿ ಹೊಂದುವ ಜೋಡಿಗಳಿವೆ. 12ಎಎಕ್ಸ್7 ಮತ್ತು 12ಎಯು7 ಅಂಥವು. ಹಾಗಾದರೆ ಬದಲಾಯಿಸಬಹುದೇ? ಏನೂ ಸುಡುವುದಿಲ್ಲ, ಆದರೆ ಆಂಪ್ಲಿಫೈಯರ್ ಬೇರೆಯದೇ ಆಗಿಬಿಡುತ್ತದೆ. ಟ್ರಯೋಡಿನ ವರ್ಧನಾಂಕ ಅದರ ಜ್ಯಾಮಿತಿಯ ಫಲ. ಗ್ರಿಡ್ಡಿನ ತಂತಿಗಳು ಒತ್ತಾಗಿದ್ದಷ್ಟೂ ಅದು ಆನೋಡಿನ ಪ್ರಭಾವವನ್ನು ಕ್ಯಾಥೋಡಿನಿಂದ ಹೆಚ್ಚು ಮರೆಮಾಡುತ್ತದೆ, ವರ್ಧನಾಂಕ ಏರುತ್ತದೆ. 12ಎಎಕ್ಸ್7ಗೆ ಅದು 100, 12ಎಯು7ಗೆ ಸುಮಾರು 17. ಹಂತದ ವರ್ಧನೆಯನ್ನು ತಿಳಿಯಲು ವರ್ಧನಾಂಕವನ್ನು ಹೊರೆಯ ರೋಧದಿಂದ ಗುಣಿಸಿ, ಹೊರೆಯ ರೋಧ ಹಾಗೂ ವಾಲ್ವಿನ ಆಂತರಿಕ ರೋಧಗಳ ಮೊತ್ತದಿಂದ ಭಾಗಿಸಿ. ಹೊರೆ 100 ಕಿಲೋಓಮ್, 12ಎಎಕ್ಸ್7ರ ಆಂತರಿಕ ರೋಧ ಸುಮಾರು 80 ಕಿಲೋಓಮ್ ಎಂದಿಟ್ಟುಕೊಂಡರೆ ವರ್ಧನೆ 55ರ ಆಸುಪಾಸು. (ಕೈಪಿಡಿಯಲ್ಲಿ 62.5 ಎಂದಿರುತ್ತದೆ. ಅದು 1.2 ಮಿಲಿಆಂಪಿಯರಿನಲ್ಲಿ ಅಳೆದದ್ದು. ಇಲ್ಲಿ ಪ್ರವಾಹ ಅದಕ್ಕಿಂತ ಕಡಿಮೆ.) 12ಎಯು7 ಹಾಕಿದರೆ ವರ್ಧನೆ 14-15ಕ್ಕೆ ಇಳಿಯುತ್ತದೆ. ಋಣ ಪ್ರತಿಪುಷ್ಟಿ ಇರುವ ಆಂಪ್ಲಿಫೈಯರಿನಲ್ಲಿ ಇದರ ಪರಿಣಾಮ ಸದ್ದು ತಗ್ಗುವುದಕ್ಕೇ ನಿಲ್ಲುವುದಿಲ್ಲ. ಪ್ರತಿಪುಷ್ಟಿಗೆ ಮೀಸಲಾಗಿದ್ದ ವರ್ಧನೆ ಕರಗಿ, ಅದು ತಿದ್ದುತ್ತಿದ್ದ ವಿರೂಪ ಮತ್ತೆ ತಲೆಯೆತ್ತುತ್ತದೆ. 'ಹೊಸ ವಾಲ್ವಿನ ಬೆಚ್ಚನೆಯ ನಾದ' ಎಂದು ಕೆಲವರು ಹೊಗಳುವುದು ಎಷ್ಟೋ ಸಲ ಇದನ್ನೇ.

ಔಟ್‌ಪುಟ್ ವಾಲ್ವ್ ಬದಲಿಸಿದಾಗ ಒಂದು ಅಳತೆ ಕಡ್ಡಾಯ. ಕ್ಯಾಥೋಡ್ ರೋಧಕದ ಮೇಲಿನ ವೋಲ್ಟೇಜನ್ನು ಅದರ ಓಮಿನಿಂದ ಭಾಗಿಸಿ. ನನ್ನ 6ವಿ6ಗೆ 250 ಓಮಿನ ಮೇಲೆ 12.5 ವೋಲ್ಟ್, ಎಂದರೆ 50 ಮಿಲಿಆಂಪಿಯರ್. ಇದರಲ್ಲಿ ಸ್ಕ್ರೀನ್ ಗ್ರಿಡ್ಡಿನ ಪಾಲು ಸುಮಾರು 4.5. ಉಳಿದದ್ದನ್ನು ಆನೋಡ್-ಕ್ಯಾಥೋಡ್ ನಡುವಿನ 250 ವೋಲ್ಟಿನಿಂದ ಗುಣಿಸಿದರೆ 11.4 ವ್ಯಾಟ್, ಮಿತಿ 12. ಅಲ್ಲಿ 6ಎಲ್6 ಹಾಕಿದಾಗ 16 ವೋಲ್ಟ್ ಬಂದಿತ್ತು, ಸುಮಾರು 15 ವ್ಯಾಟ್. ಅದು 6ಎಲ್6ಗೆ ಹೊರೆಯಲ್ಲ. ತದ್ವಿರುದ್ಧವಾಗಿ, 6ಎಲ್6ಗೆ ಹಾಕಿದ 170 ಓಮಿನ ಮೇಲೆ 6ವಿ6 ಕೂರಿಸಿದರೆ 13-14 ವ್ಯಾಟ್ ಆಗಿ ಮಿತಿ ದಾಟುತ್ತದೆ. ಮಿತಿ ಬಹಳ ಮೀರಿದಾಗ ಆನೋಡಿನ ತಗಡು ಮಂದ ಕೆಂಪಾಗುತ್ತದೆ. ಕಂಡ ಕೂಡಲೇ ಆರಿಸಿ.

ಕೊನೆಗೆ ನಾನು ಹೀಟರುಗಳಿಗೆ 3 ಆಂಪಿಯರಿನ ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿದೆ. 6ವಿ6ಗೆ 5000 ಓಮಿನ ಹೊರೆ ಸೂಕ್ತ, 6ಎಲ್6ಗೆ 2500. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಿಸದೆ, 8 ಓಮಿನ ತುದಿಗೆ 4 ಓಮಿನ ಸ್ಪೀಕರ್ ಜೋಡಿಸಿದೆ. ಸ್ಪೀಕರಿನ ರೋಧ ಅರ್ಧವಾದರೆ ವಾಲ್ವಿಗೆ ಕಾಣುವ ಹೊರೆಯೂ ಅರ್ಧ.

ವಿದ್ಯಾರ್ಥಿಗಳಿಂದ ಇದನ್ನು ಮಾಡಿಸುವ ಶಿಕ್ಷಕರು ಇನ್ನೊಂದು ಲೆಕ್ಕವನ್ನು ಮೊದಲೇ ಮಾಡಿಸಿ. 47 ಮೈಕ್ರೋಫ್ಯಾರಡಿನ ಧಾರಕ 300 ವೋಲ್ಟಿನಲ್ಲಿ ಹಿಡಿದಿಡುವ ಶಕ್ತಿ ಸುಮಾರು 2 ಜೌಲ್. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಇರುತ್ತದೆ, ಮುಟ್ಟಿದ ಕೈ ಹಾರಿ ಬೀಳುವಷ್ಟು. ಧಾರಕಕ್ಕೆ ಸಮಾಂತರವಾಗಿ 220 ಕಿಲೋಓಮಿನ 2 ವ್ಯಾಟ್ ರೋಧಕವನ್ನು ಕಾಯಂ ಬೆಸೆದಿಡಿ. ಕಾಲಸ್ಥಿರಾಂಕ 10 ಸೆಕೆಂಡು. ಒಂದು ನಿಮಿಷದಲ್ಲಿ ವೋಲ್ಟೇಜು ಒಂದಂಕಿಗೆ ಇಳಿದಿರುತ್ತದೆ. ರೋಧಕದ ಬೆಸುಗೆ ಬಿಟ್ಟಿರಬಹುದಾದ್ದರಿಂದ, ಮೀಟರಿನಿಂದ ಅಳೆದ ಮೇಲೆಯೇ ವಾಲ್ವಿಗೆ ಕೈ ಹಾಕಲಿ, ಅದೂ ಒಂದು ಕೈ ಮಾತ್ರ.