ಹಿಮದಲ್ಲಿ ಸೋತ ಮೇಲೆ

ಮೇಜಿನ ಮೇಲೆ ರಷ್ಯದ ಭೂಪಟ. ಅದರ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಒಂದೊಂದು ರಟ್ಟಿನ ಬಿಲ್ಲೆಯೂ ಒಂದೊಂದು ಸೇನಾಪಡೆ. ಬೇಸಿಗೆಯುದ್ದಕ್ಕೂ ನುಗ್ಗಿದ ಜರ್ಮನ್ ಬಿಲ್ಲೆಗಳು ಮಾಸ್ಕೋ ಬಾಗಿಲಿಗೆ ಬಂದಿವೆ. ಇನ್ನೊಂದೇ ಏಟು ಸಾಕು ಎಂದುಕೊಂಡು ಹವಾಮಾನದ ದಾಳ ಉರುಳಿಸುತ್ತೀರಿ. ಬಿದ್ದದ್ದು ಹಿಮ! ಎದುರಾಳಿಯ ಸರದಿ ಮುಗಿಯುವಷ್ಟರಲ್ಲಿ ನಿಮ್ಮ ಒಳ್ಳೊಳ್ಳೆಯ ಬಿಲ್ಲೆಗಳೇ ಪೆಟ್ಟಿಗೆ ಸೇರಿರುತ್ತವೆ.

ಇದು 'ದಿ ರಷ್ಯನ್ ಕ್ಯಾಂಪೇನ್' ಎಂಬ ಆಟ. ಜಾನ್ ಎಡ್ವರ್ಡ್ಸ್ ರೂಪಿಸಿದ ಇದು 1974ರಲ್ಲಿ ಆಸ್ಟ್ರೇಲಿಯದಲ್ಲಿ ಹೊರಬಂತು. 1976ರಲ್ಲಿ ಅಮೆರಿಕದ ಅವಲಾನ್ ಹಿಲ್ ಕಂಪನಿ ಪ್ರಕಟಿಸಿತು. ಒಂದು ಸರದಿ ಎಂದರೆ ಯುದ್ಧದ ಎರಡು ತಿಂಗಳು.

ಪೆಟ್ಟು ತಿಂದ ಹೊಸಬ ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾನೆ. ಸಿಟ್ಟಿಗೆದ್ದು ಹಿಮದಲ್ಲೇ ಮತ್ತೆ ನುಗ್ಗುವುದು ಒಂದು. ಗೆದ್ದ ನೆಲದಲ್ಲಿ ಒಂದಂಗುಲವನ್ನೂ ಬಿಡದೆ, ಉಳಿದ ಪಡೆಯನ್ನು ತೆಳ್ಳಗೆ ಹರಡಿ ನಿಲ್ಲುವುದು ಇನ್ನೊಂದು. ಪಳಗಿದವನು ಮೊದಲು ಲೆಕ್ಕ ಹಾಕುತ್ತಾನೆ. ಉಳಿದದ್ದೆಷ್ಟು? ರೈಲಿನ ಸರಬರಾಜು ಎಲ್ಲಿಯವರೆಗೆ ಮುಟ್ಟುತ್ತದೆ? ಆಮೇಲೆ ನದಿಯ ಹಿಂದಕ್ಕೆ ಸರಿದು ಸಾಲನ್ನು ಚಿಕ್ಕದು ಮಾಡುತ್ತಾನೆ. ಟ್ಯಾಂಕ್ ಪಡೆಗಳನ್ನು ಹಿಂದಕ್ಕೆ ಕರೆದು ಕಾಪಾಡುತ್ತಾನೆ. ಬರುವ ಬೇಸಿಗೆಗೆ ಒಂದೇ ಗುರಿ ಆರಿಸಿಕೊಳ್ಳುತ್ತಾನೆ. ಸೋವಿಯತ್ ಕಡೆ ಆಡುವವನೂ ಅಷ್ಟೇ: ನೆಲ ಬಿಟ್ಟರೂ 'ಕಾರ್ಮಿಕ' ಬಿಲ್ಲೆಗಳನ್ನು ಬಿಡುವುದಿಲ್ಲ. ಹೊಸ ಪಡೆ ಹುಟ್ಟುವುದು ಅವುಗಳಿಂದಲೇ.

ಇತಿಹಾಸದಲ್ಲಿ ಈ ಪಾಠ ತಪ್ಪಿದವರು ಎರಡೂ ಕಡೆ ಇದ್ದರು. 1941ರ ಡಿಸೆಂಬರ್ 5ರಂದು ಮಾಸ್ಕೋ ಬಳಿ ಸೋವಿಯತ್ ಪ್ರತಿದಾಳಿ ಆರಂಭವಾಗಿ ಜರ್ಮನ್ನರು ಹಿಮ್ಮೆಟ್ಟಿದರು. ಆ ಗೆಲುವಿನ ಹುಮ್ಮಸ್ಸಿನಲ್ಲಿ ಸ್ಟಾಲಿನ್ 1942ರ ಜನವರಿಯಲ್ಲಿ ಎಲ್ಲ ರಂಗಗಳಲ್ಲೂ ದಾಳಿಗೆ ಆಜ್ಞೆ ಮಾಡಿದ. ಶಕ್ತಿಯನ್ನು ಮಧ್ಯರಂಗದಲ್ಲಿ ಕೂಡಿಸೋಣ ಎಂದ ಜುಕೋವ್ ಮಾತು ನಡೆಯಲಿಲ್ಲ, ದಾಳಿ ಸೊರಗಿತು. ಅದೇ ಬೇಸಿಗೆಯಲ್ಲಿ ಹಿಟ್ಲರ್ ದಕ್ಷಿಣವೊಂದನ್ನೇ ಆರಿಸಿಕೊಂಡ. ಆದರೆ ಅಲ್ಲಿಯೂ ಸ್ಟಾಲಿನ್‌ಗ್ರಾಡ್ ಬೇಕು, ಕಾಕಸಸ್‌ನ ಎಣ್ಣೆಯೂ ಬೇಕು ಎಂದು ಸೇನೆಯನ್ನು ಸೀಳಿದ. ಈ ಸಲ ಸೋವಿಯತ್ ಸೇನೆ ಮೀಸಲು ಪಡೆ ಕೂಡಿಹಾಕಿ, ಕಾದು, ನವೆಂಬರ್ 19ರಂದು ಎರಗಿತು. 1943ರ ಫೆಬ್ರುವರಿ 2ರಂದು ಸ್ಟಾಲಿನ್‌ಗ್ರಾಡ್‌ನ ಕೊನೆಯ ಜರ್ಮನ್ ಪಡೆಗಳೂ ಶರಣಾದವು.

ಮಕ್ಕಳಿಗೂ ಇಂಥ ಚಳಿಗಾಲ ಬರುತ್ತದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೂರು ವಿಷಯ ಕೈಕೊಟ್ಟರೆ, ಮೂರನ್ನೂ ಒಂದೇ ರಾತ್ರಿ ಗೆಲ್ಲಲು ಹೊರಟವನು ಇನ್ನಷ್ಟು ಸೋಲುತ್ತಾನೆ. ಬರುವುದೆಷ್ಟು, ಬಾರದ್ದೆಷ್ಟು ಎಂದು ಮೊದಲು ಬರೆದಿಟ್ಟು, ಒಂದರಿಂದ ಆರಂಭಿಸಿದವನು ಚೇತರಿಸಿಕೊಳ್ಳುತ್ತಾನೆ. ಅಂಕಪಟ್ಟಿ ಕಂಡು ಸಿಡುಕುವ ಮುನ್ನ ತಂದೆತಾಯಿಯರು ಆ ಲೆಕ್ಕಕ್ಕೆ ಜೊತೆಗೆ ಕೂತರೆ ಒಳ್ಳೆಯದು.

ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಿ. ಆಟ ಮುಗಿದ ಮೇಲೆ ಸತ್ತ ಬಿಲ್ಲೆಗಳೆಲ್ಲ ಪೆಟ್ಟಿಗೆಯಿಂದ ಎದ್ದು ಬರುತ್ತವೆ. ಆ ಹಿಮದಲ್ಲಿ ಬಿದ್ದ ಲಕ್ಷಾಂತರ ಮಂದಿ ಏಳಲಿಲ್ಲ.