ತೆರೆಯ ಲಯವೂ ಆಟದ ವೇಗವೂ: ಲಂಬ ಸಮಕಾಲನವನ್ನು ಕುರಿತು ಒಂದು ವಿವೇಚನೆ

ಗದಗಿನಿಂದ ಹುಬ್ಬಳ್ಳಿಗೆ ಹೋಗುವ ಹಾದಿಯಲ್ಲಿರುವ ಹುಲಕೋಟಿಯು ಸಹಕಾರಿ ಸಂಸ್ಥೆಗಳಿಂದ ಹೆಸರಾದ ಗ್ರಾಮ. ಅಲ್ಲಿಯ ಮನೆಯೊಂದರಲ್ಲಿ ನಾವು ಕಂಡ ಸಂಗತಿಯೇ ಈ ಲೇಖನಕ್ಕೆ ಕಾರಣವಾಯಿತು. ವಿದ್ಯಾರ್ಥಿಯೊಬ್ಬನ ಗಣಕಯಂತ್ರದಲ್ಲಿ ಆಟವೊಂದು ಸೆಕೆಂಡಿಗೆ ೩೦ ಚಿತ್ರಗಳಿಗಿಂತ ಮೇಲೇರುತ್ತಿರಲಿಲ್ಲ. ಯಂತ್ರವು ದುರ್ಬಲವೆಂದು ತೀರ್ಮಾನಿಸಿ, ಹತ್ತಿ ಮಾರಿ ಬಂದ ಹಣದಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳಲು ಮನೆಯವರು ಸಿದ್ಧರಾಗಿದ್ದರು. ಆಟದ ಆಯ್ಕೆಗಳ ಪಟ್ಟಿಯಲ್ಲಿದ್ದ ‘ವಿ-ಸಿಂಕ್’ ಎಂಬುದನ್ನು ನಿಲ್ಲಿಸಿದೊಡನೆ ಅದೇ ಯಂತ್ರವು ೫೫ ಚಿತ್ರಗಳನ್ನು ತೋರಿಸಿತು.

ಇತಿಹಾಸವನ್ನು ಬೋಧಿಸುವವರಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಶಾಸನದಲ್ಲಿ ದೊರೆತ ಸಂಖ್ಯೆಯನ್ನು, ಅದು ಯಾವ ಮಾನದಿಂದ ಅಳೆದದ್ದೆಂದು ತಿಳಿಯದೆ ಬಳಸಕೂಡದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಈ ೩೦ ಎಂಬ ಅಂಕಿಯೂ ಅಂತಹುದೇ. ಅದು ಹೇಗೆ ಹುಟ್ಟಿತೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

೧. ಎರಡು ಗಡಿಯಾರಗಳು

ಆಟ ನಡೆಯುವಾಗ ಎರಡು ಯಂತ್ರಗಳು ತಂತಮ್ಮ ಲಯದಲ್ಲಿ ಕೆಲಸ ಮಾಡುತ್ತವೆ. ಗ್ರಾಫಿಕ್ಸ್ ಕಾರ್ಡು ಚಿತ್ರಗಳನ್ನು ರಚಿಸುತ್ತದೆ. ದೃಶ್ಯವು ಸರಳವಾಗಿದ್ದರೆ ಬೇಗನೆಯೂ ಜಟಿಲವಾಗಿದ್ದರೆ ನಿಧಾನವಾಗಿಯೂ ರಚಿಸುವುದರಿಂದ ಅದರ ವೇಗವು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಸೆಕೆಂಡಿಗೆ ದೊರೆಯುವ ಇಂತಹ ಚಿತ್ರಗಳ ಸಂಖ್ಯೆಯನ್ನೇ ಆಟಗಾರರು ಫ್ರೇಮ್ ದರವೆನ್ನುತ್ತಾರೆ. ತೆರೆಯಾದರೋ ನಿಯತಕಾಲಕ್ಕೆ ಬದ್ಧವಾದುದು. ೬೦ ಹರ್ಟ್ಸಿನ ತೆರೆಯು ಸೆಕೆಂಡಿಗೆ ೬೦ ಬಾರಿ, ಎಂದರೆ ೧೬.೭ ಮಿಲಿಸೆಕೆಂಡಿಗೊಮ್ಮೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಚಿತ್ರವನ್ನು ಹೊಸದಾಗಿ ಬರೆಯುತ್ತದೆ.

ಇವೆರಡಕ್ಕೂ ಹೊಂದಾಣಿಕೆಯಿಲ್ಲದಾಗ ಏನಾಗುವುದೆಂಬುದನ್ನು ಬೆಟಗೇರಿಯ ಮಗ್ಗಗಳನ್ನು ಕಂಡವರು ಸುಲಭವಾಗಿ ಊಹಿಸಬಲ್ಲರು. ಲಾಳಿಯು ಹಾಸಿನ ನಡುವೆ ಅತ್ತಿಂದಿತ್ತ ಓಡಿ ಒಂದೊಂದೇ ಹೊಕ್ಕನ್ನು ಸೇರಿಸುತ್ತ ಸೆರಗಿನ ಹೂವನ್ನು ಸಾಲುಸಾಲಾಗಿ ಮೂಡಿಸುತ್ತದೆ. ಹೂವು ಅರ್ಧ ನೆಯ್ದಾಗ ಜಕಾರ್ಡಿನ ಹಲಗೆಗಳನ್ನು ಬದಲಿಸಿಬಿಟ್ಟರೆ, ಮೇಲರ್ಧದಲ್ಲಿ ಒಂದು ಹೂವೂ ಕೆಳಗಿನರ್ಧದಲ್ಲಿ ಇನ್ನೊಂದೂ ಬಂದು ನಡುವೆ ಗೆರೆಯೊಂದು ಬೀಳುತ್ತದೆ. ತೆರೆಯು ಅರ್ಧ ಬರೆದಿರುವಾಗ ಗ್ರಾಫಿಕ್ಸ್ ಕಾರ್ಡು ಹೊಸ ಚಿತ್ರವನ್ನು ಒಪ್ಪಿಸಿದರೂ ಇದೇ ದೋಷ ತೋರಿಬರುತ್ತದೆ. ಆಟಗಾರರು ಇದನ್ನು ‘ಟೇರಿಂಗ್’, ಅಂದರೆ ಚಿತ್ರದ ಹರಿತ, ಎಂದು ಕರೆಯುವರು. ಒಂದು ಹೂವು ಮುಗಿಯುವವರೆಗೆ ಹಲಗೆಗಳನ್ನು ಬದಲಿಸಕೂಡದೆಂಬ ಕಟ್ಟಳೆಯೇ ಲಂಬ ಸಮಕಾಲನ, ಅಥವಾ ವಿ-ಸಿಂಕ್.

೨. ಬಿಡುವಿನ ಪೂರ್ವೇತಿಹಾಸ

ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅಲ್ಪಾವಧಿಯ ಬಿಡುವೊಂದಿದೆ. ಚಿತ್ರವನ್ನು ಬದಲಿಸುವ ಕಾರ್ಯ ಈ ಬಿಡುವಿನಲ್ಲಿಯೇ ನಡೆಯಬೇಕು. ಹಳೆಯ ಗಾಜಿನ ಕೊಳವೆಯ ತೆರೆಗಳಲ್ಲಿ ಇಲೆಕ್ಟ್ರಾನುಗಳ ಕಿರಣವು ಕೆಳಗಿನ ಮೂಲೆಯನ್ನು ಮುಟ್ಟಿ ಮರಳಿ ಮೇಲಕ್ಕೆ ಬರಲು ಕಾಲಾವಕಾಶ ಬೇಕಾಗಿತ್ತು. ಬಿಡುವು ಹುಟ್ಟಿದ್ದು ಅದಕ್ಕಾಗಿ.

೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಕಲಬುರ್ಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಗ್ರಾಮಗಳಿಗೆ ಬಂದ ಪೆಟ್ಟಿಗೆಗಳಲ್ಲಿಯೂ ಈ ಬಿಡುವಿತ್ತು. ನಮ್ಮ ದೇಶವು ಅಂಗೀಕರಿಸಿದ್ದ ಪದ್ಧತಿಯಲ್ಲಿ ಚಿತ್ರವೊಂದಕ್ಕೆ ೬೨೫ ಸಾಲುಗಳಿದ್ದವು. ಚಿತ್ರವು ಎರಡು ಅರ್ಧಗಳಾಗಿ, ಸೆಕೆಂಡಿಗೆ ೫೦ ಅರ್ಧಗಳಂತೆ, ಬರುತ್ತಿತ್ತು. ಪ್ರತಿ ಅರ್ಧದಲ್ಲಿಯೂ ಸುಮಾರು ೨೫ ಸಾಲುಗಳ ಕಾಲ ಬಿಡುವಿಗೆ ಮೀಸಲಾಗಿತ್ತು. ೫೦ ಎಂಬ ಈ ಸಂಖ್ಯೆಯು ಯುರೋಪಿನ ವಿದ್ಯುತ್ ಜಾಲದ ಆವರ್ತನದಿಂದ ಬಂದುದು. ನಮ್ಮ ಜಾಲದ್ದೂ ಅದೇ.

ಹೀಗಿದ್ದರೂ ಹುಲಕೋಟಿಯ ಮೇಜಿನ ಮೇಲಿನ ತೆರೆಯು ೫೦ರ ಲಯವನ್ನು ಅನುಸರಿಸದೆ ೬೦ರ ಲಯದಲ್ಲಿ ನಡೆಯುತ್ತದೆ. ಅಮೆರಿಕದ ವಿದ್ಯುತ್ ಆವರ್ತನವು ೬೦ ಆದುದರಿಂದ ಅಲ್ಲಿಯ ದೂರದರ್ಶನವು ಅದನ್ನೇ ಅನುಸರಿಸಿ ೫೨೫ ಸಾಲುಗಳ ಪದ್ಧತಿಯನ್ನು ೧೯೪೧ರಲ್ಲಿ ಸ್ವೀಕರಿಸಿತು. ೧೯೮೭ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ವಿ.ಜಿ.ಎ. ಪದ್ಧತಿಯ ೬೪೦ × ೪೮೦ ಬಿಂದುಗಳ ವಿಧಾನದಲ್ಲಿಯೂ ಒಟ್ಟು ಸಾಲುಗಳು ೫೨೫ ಆಗಿದ್ದು, ಕಾಣುವ ೪೮೦ನ್ನು ಕಳೆದರೆ ಉಳಿಯುವ ೪೫ ಸಾಲುಗಳ ಕಾಲ, ಎಂದರೆ ಸುಮಾರು ೧.೪ ಮಿಲಿಸೆಕೆಂಡು, ಬಿಡುವಾಗಿತ್ತು. ಇಂದಿನ ಚಪ್ಪಟೆ ತೆರೆಗಳಲ್ಲಿ ಹಿಂದಿರುಗಬೇಕಾದ ಕಿರಣವೇ ಇಲ್ಲ. ಆದರೂ ಬಿಡುವು ಉಳಿದಿದೆ. ಕಾರಣವು ಅಳಿದ ಮೇಲೂ ಕಾರ್ಯವು ಸಂಪ್ರದಾಯವಾಗಿ ಮುಂದುವರಿಯುವುದು ಸಂಸ್ಥೆಗಳ ಚರಿತ್ರೆಯಲ್ಲಿ ಅಪೂರ್ವವೇನಲ್ಲ.

೩. ಕಾಯುವಿಕೆಯ ಲೆಕ್ಕ

ಈಗ ೫೫ ಎಂಬುದು ೩೦ ಆದ ಬಗೆಯನ್ನು ನೋಡೋಣ. ಸಾಮಾನ್ಯವಾಗಿ ಚಿತ್ರಗಳಿಗೆ ಸ್ಮೃತಿಯಲ್ಲಿ ಎರಡು ಅಂಕಣಗಳಿರುತ್ತವೆ. ಇವಕ್ಕೆ ಬಫರುಗಳೆಂದು ಹೆಸರು. ಒಂದರಲ್ಲಿರುವುದನ್ನು ತೆರೆಯು ಓದುತ್ತಿರುವಾಗ ಇನ್ನೊಂದರಲ್ಲಿ ಹೊಸ ಚಿತ್ರ ಸಿದ್ಧವಾಗುತ್ತದೆ. ಬಿಡುವು ಬಂದೊಡನೆ ಇವೆರಡೂ ತಮ್ಮ ಪಾತ್ರಗಳನ್ನು ಬದಲಿಸಿಕೊಳ್ಳುತ್ತವೆ.

ಚಿತ್ರವೊಂದಕ್ಕೆ ೧೦ ಮಿಲಿಸೆಕೆಂಡು ಸಾಕಾದ ಯಂತ್ರವು ಕಟ್ಟಳೆಯಿಲ್ಲದಿದ್ದರೆ ಸೆಕೆಂಡಿಗೆ ೧೦೦ ಚಿತ್ರಗಳನ್ನು ರಚಿಸೀತು. ವಿ-ಸಿಂಕ್ ಇದ್ದಾಗ ಪ್ರತಿಯೊಂದು ಚಿತ್ರವನ್ನು ಮುಗಿಸಿದ ಮೇಲೂ ೬.೭ ಮಿಲಿಸೆಕೆಂಡು ಕಾಯಬೇಕಾಗುವುದರಿಂದ ದರವು ೬೦ಕ್ಕೆ ನಿಲ್ಲುತ್ತದೆ. ಇದರಿಂದ ಹಾನಿ ಸ್ವಲ್ಪ. ಯಂತ್ರದ ಕಾವು ಮತ್ತು ವಿದ್ಯುತ್ತಿನ ವೆಚ್ಚ ಕಡಿಮೆಯಾಗುವುದು ಲಾಭವೇ ಸರಿ.

ತೊಡಕಿರುವುದು ಸ್ವಲ್ಪದರಲ್ಲಿ ತಡವಾಗುವ ಯಂತ್ರಕ್ಕೆ. ನಮ್ಮ ವಿದ್ಯಾರ್ಥಿಯ ಯಂತ್ರಕ್ಕೆ ಚಿತ್ರವೊಂದಕ್ಕೆ ೧೮ ಮಿಲಿಸೆಕೆಂಡು ಬೇಕಾಗಿತ್ತು. ಅದರ ಸಹಜ ದರ ೫೫. ಮೊದಲ ಬಿಡುವು ೧೬.೭ರಲ್ಲಿ ಬಂದು ಹೋದಾಗ ಚಿತ್ರವಿನ್ನೂ ಮುಗಿದಿರಲಿಲ್ಲ. ಮುಂದಿನ ಬಿಡುವು ೩೩.೩ರಲ್ಲಿ. ಒಂದು ಅಂಕಣವನ್ನು ತೆರೆಯು ಓದುತ್ತಿದ್ದು, ಇನ್ನೊಂದರಲ್ಲಿ ಮುಗಿದ ಚಿತ್ರವು ಸರದಿಗಾಗಿ ನಿಂತಿರುವುದರಿಂದ, ಹೊಸದನ್ನು ಆರಂಭಿಸಲು ಸ್ಥಳವಿಲ್ಲ. ಆದುದರಿಂದ ಯಂತ್ರವು ೧೫ ಮಿಲಿಸೆಕೆಂಡಿಗೂ ಹೆಚ್ಚು ಕಾಲ ಸುಮ್ಮನಿರಬೇಕಾಗಿ, ದರವು ೩೦ಕ್ಕೆ ಇಳಿಯಿತು. ಗದಗಿನ ನಿಲ್ದಾಣಕ್ಕೆ ಒಂದು ನಿಮಿಷ ತಡವಾಗಿ ಬಂದ ಪ್ರಯಾಣಿಕನು ಒಂದು ನಿಮಿಷ ಕಾದರೆ ಸಾಲದು. ಮುಂದಿನ ಗಾಡಿಯವರೆಗೂ ಕಾಯಬೇಕು. ಹೀಗೆ ೬೦ ಹರ್ಟ್ಸಿನ ತೆರೆಯಲ್ಲಿ ದರವು ೬೦, ೩೦, ೨೦, ೧೫ ಎಂಬ ಮೆಟ್ಟಿಲುಗಳಲ್ಲಿ ಇಳಿಯುವುದಲ್ಲದೆ ನಡುವೆ ಸ್ಥಿರವಾಗಿ ನಿಲ್ಲಲಾರದು.

ಇದರಿಂದ ಇನ್ನೊಂದು ಸ್ವಾರಸ್ಯವೂ ಹೊರಡುತ್ತದೆ. ಅದೇ ಯಂತ್ರವನ್ನು ೧೪೪ ಹರ್ಟ್ಸಿನ ತೆರೆಗೆ ಜೋಡಿಸಿದರೆ ಬಿಡುವುಗಳು ಸುಮಾರು ೬.೯ ಮಿಲಿಸೆಕೆಂಡಿಗೊಮ್ಮೆ ಬರುತ್ತವೆ. ೧೮ ಮಿಲಿಸೆಕೆಂಡಿನ ಕೆಲಸವು ಮೂರನೆಯ ಬಿಡುವಿಗೆ, ಎಂದರೆ ೨೦.೮ರಲ್ಲಿ, ಒಪ್ಪಿತವಾಗಿ ದರವು ೪೮ ಆಗುತ್ತದೆ. ಕಾರ್ಡು ಬದಲಾಗದೆ ತೆರೆ ಬದಲಾದರೂ ಅಂಕಿ ಬದಲಾಗುವುದೆಂದ ಮೇಲೆ, ಆ ಅಂಕಿಯೊಂದರಿಂದಲೇ ಕಾರ್ಡಿನ ಬಲವನ್ನು ನಿರ್ಣಯಿಸುವುದು ಯುಕ್ತವಲ್ಲವೆಂಬುದು ಸ್ಪಷ್ಟ.

೪. ಪರಿಹಾರಗಳು

ಈ ತೊಡಕನ್ನು ನಿವಾರಿಸಲು ಹಲವು ಉಪಾಯಗಳು ಹುಟ್ಟಿವೆ. ಮೂರನೆಯ ಅಂಕಣವೊಂದನ್ನು ಸೇರಿಸಿದರೆ ಯಂತ್ರವು ಸುಮ್ಮನಿರಬೇಕಾಗಿಲ್ಲ. ಸರಾಸರಿ ದರವು ೫೫ರ ಸಮೀಪದಲ್ಲಿಯೇ ಉಳಿಯುತ್ತದೆ. ಆದರೆ ಕೆಲವು ಚಿತ್ರಗಳು ಒಂದು ಆವರ್ತದಷ್ಟೂ ಕೆಲವು ಎರಡು ಆವರ್ತಗಳಷ್ಟೂ ತೆರೆಯ ಮೇಲೆ ನಿಲ್ಲುವುದರಿಂದ ಚಲನೆಯು ತೊದಲಿದಂತೆ ಕಾಣುತ್ತದೆ. ಚಿತ್ರಗಳು ಸರದಿಯಲ್ಲಿ ನಿಂತಷ್ಟೂ ಆಟಗಾರನ ಕೈಚಲನೆ ಕಣ್ಣಿಗೆ ಕಾಣಲು ತಡವಾಗುವುದೂ ಉಂಟು. ೨೦೧೨ರಲ್ಲಿ ಎನ್‌ವಿಡಿಯಾ ಸಂಸ್ಥೆಯು ತಂದ ವಿಧಾನದಲ್ಲಿ, ದರವು ತೆರೆಯ ವೇಗಕ್ಕಿಂತ ಇಳಿದಾಗ ಕಟ್ಟಳೆಯು ತಾನೇ ಸಡಿಲವಾಗುತ್ತದೆ. ಆಗ ಹರಿತವು ಮತ್ತೆ ಕಾಣಿಸಿಕೊಳ್ಳುವುದು ಅನಿವಾರ್ಯ.

ಮೂಲವನ್ನೇ ಮುಟ್ಟಿದ ಪರಿಹಾರವೆಂದರೆ ತೆರೆಯನ್ನೇ ಕಾಯಿಸುವುದು. ಕಿರಣವಿಲ್ಲದ ತೆರೆಯು ನಿಯತಕಾಲಕ್ಕೆ ಬದ್ಧವಾಗಿರಬೇಕಾದ ಕಾರಣವಿಲ್ಲವಷ್ಟೆ. ೨೦೧೩ರಲ್ಲಿ ಎನ್‌ವಿಡಿಯಾದವರು ಪ್ರಕಟಿಸಿದ ಜಿ-ಸಿಂಕ್, ೨೦೧೪ರಲ್ಲಿ ಡಿಸ್‌ಪ್ಲೇಪೋರ್ಟ್ ನಿಯಮಾವಳಿಗೆ ಸೇರಿದ ಅಡಾಪ್ಟಿವ್-ಸಿಂಕ್, ಅದನ್ನು ಆಧರಿಸಿದ ಎ.ಎಂ.ಡಿ. ಸಂಸ್ಥೆಯ ಫ್ರೀಸಿಂಕ್, ಇವೆಲ್ಲವೂ ಬಿಡುವನ್ನು ಹಿಗ್ಗಿಸಿ, ಚಿತ್ರವು ಸಿದ್ಧವಾದಾಗಲೇ ತೆರೆಯು ಬರೆಯುವಂತೆ ಮಾಡುತ್ತವೆ. ತೆರೆಯ ಮಿತಿಯೊಳಗಿರುವ ತನಕ ೫೫ ಎಂಬುದು ೫೫ ಆಗಿಯೇ ಉಳಿಯುತ್ತದೆ.

೫. ಉಪಸಂಹಾರ

ಮೇಲಿನ ವಿವೇಚನೆಯಿಂದ ವ್ಯವಹಾರಕ್ಕೆ ಉಪಯುಕ್ತವಾದ ಕ್ರಮವೊಂದು ದೊರೆಯುತ್ತದೆ. ಯಂತ್ರದ ಬಲವನ್ನು ಅಳೆಯುವಾಗ ವಿ-ಸಿಂಕನ್ನು ನಿಲ್ಲಿಸಬೇಕು. ದರವು ೩೦ರಿಂದ ಮೇಲಕ್ಕೇರಿದರೆ ತಡೆಯು ಕಟ್ಟಳೆಯಿಂದ ಬಂದುದು. ಏರದಿದ್ದರೆ ಆಟವೇ ವಿಧಿಸಿದ ಮಿತಿಯನ್ನೂ, ಬಳಿಕ ಯಂತ್ರದ ಬಲವನ್ನೂ ಪರೀಕ್ಷಿಸಬೇಕು. ಅಳತೆ ಮುಗಿದ ಮೇಲೆ ಅದನ್ನು ಮತ್ತೆ ಇರಿಸಿಕೊಳ್ಳುವುದೂ ಬಿಡುವುದೂ ಕಣ್ಣಿಗೆ ಬಿಟ್ಟದ್ದು. ನೆರಳು, ಪ್ರತಿಬಿಂಬ ಮೊದಲಾದ ಅಲಂಕಾರಗಳನ್ನು ಸ್ವಲ್ಪ ತಗ್ಗಿಸಿ ಚಿತ್ರದ ಕಾಲವನ್ನು ೧೬.೭ ಮಿಲಿಸೆಕೆಂಡಿನೊಳಕ್ಕೆ ತಂದರೆ, ಕಟ್ಟಳೆಯನ್ನು ಉಳಿಸಿಕೊಂಡೇ ೬೦ನ್ನು ಪಡೆಯಬಹುದು.

ಹುಲಕೋಟಿಯ ಆ ಮನೆಯಲ್ಲಿ ಕೊನೆಗೆ ಮಾಡಿದ್ದು ಇಷ್ಟೇ. ನೆರಳುಗಳನ್ನು ಒಂದು ಹಂತ ತಗ್ಗಿಸಿದರು. ವಿ-ಸಿಂಕನ್ನು ಮತ್ತೆ ಇರಿಸಿದರು. ಅಂಕಿಯು ೬೦ಕ್ಕೆ ನಿಂತಿತು. ಹತ್ತಿಯ ಹಣವು ಮುಂದಿನ ಬಿತ್ತನೆಗೆ ಉಳಿಯಿತು.